ಓಪನ್ ಗಾಲ್ಫ್ 2026, ರಾಯಲ್ ಬರ್ಕ್‌ಡೇಲ್: ಮಂಗಳೂರು, ಉಡುಪಿ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿ ಆಟಿ ತಿಂಗಳು ಹುಟ್ಟುವ ವಾರದಲ್ಲೇ ಅಲ್ಲಿ, ಇಂಗ್ಲೆಂಡಿನ ರಾಯಲ್ ಬರ್ಕ್‌ಡೇಲ್ ಗಾಲ್ಫ್ ಕೋರ್ಸಿನಲ್ಲಿ, ಓಪನ್ ಶುರು. ಹೊರಗೆ ಹೋಗಲು ಬಿಡದ ಮಳೆ, ಮನೆಯೊಳಗೆ ಟಿ.ವಿ. ಕ್ರಿಕೆಟ್ ನೋಡಿ ಬೆಳೆದವರಿಗೆ ಗಾಲ್ಫಿನಲ್ಲಿ ಮೊದಲು ಎಡವುವುದು ಒಂದೇ ಕಡೆ: ಇಷ್ಟೊಂದು ಮಂದಿ ಎಲ್ಲಿಂದ ಬಂದರು, ಯಾರು ಆರಿಸಿದರು? ಹಾಗಾಗಿ ಕೆಳಗಿನ ಉತ್ತರಗಳಲ್ಲಿ ಹೆಚ್ಚು ಜಾಗ ಅದಕ್ಕೇ ಹೋಗಿದೆ.

"ಬ್ರಿಟಿಷ್ ಓಪನ್" ಅಂತಾರಲ್ಲ, ಇದು ಅದೇನಾ?

ಅದೇ. ನಡೆಸುವ ಆರ್ ಆ್ಯಂಡ್ ಎ ಸಂಸ್ಥೆಯವರು ಬರೀ "ದಿ ಓಪನ್" ಅನ್ನುತ್ತಾರೆ. 1860ರಲ್ಲಿ ಸ್ಕಾಟ್ಲೆಂಡಿನ ಪ್ರೆಸ್ಟ್‌ವಿಕ್‌ನಲ್ಲಿ ಎಂಟೇ ಮಂದಿ ಸೇರಿ, 12 ಹೋಲ್‌ಗಳ (ಮೊದಲ ಹೊಡೆತದಿಂದ ಗುಳಿಯವರೆಗಿನ ಒಂದೊಂದು ಹಾದಿ ಒಂದು ಹೋಲ್) ಕೋರ್ಸನ್ನು ಒಂದೇ ದಿನ ಮೂರು ಸುತ್ತು ಆಡಿದ್ದು ಇದರ ಆರಂಭ. ಈ ಸಲದ್ದು 154ನೆಯದು. ಗಂಡಸರ ವೃತ್ತಿಪರ ಗಾಲ್ಫಿನ ನಾಲ್ಕು ಮೇಜರ್‌ಗಳಲ್ಲಿ, ಅಂದರೆ ಅತಿ ದೊಡ್ಡ ಟೂರ್ನಿಗಳಲ್ಲಿ, ವರ್ಷದ ಕೊನೆಯದು. ಮಾಸ್ಟರ್ಸ್, ಪಿಜಿಎ, ಯು.ಎಸ್. ಓಪನ್ ಮೂರೂ ಅಮೆರಿಕದವು. ಹಾಲಿ ಚಾಂಪಿಯನ್ ಸ್ಕಾಟಿ ಶೆಫ್ಲರ್. 2025ರಲ್ಲಿ ರಾಯಲ್ ಪೋರ್ಟ್‌ರಶ್‌ನಲ್ಲಿ ಪಾರ್‌ಗಿಂತ (ಕೋರ್ಸಿಗೆ ನಿಗದಿಯಾದ ಹೊಡೆತಗಳ ಲೆಕ್ಕ; ಅದಕ್ಕಿಂತ ಕಡಿಮೆಯಾದಷ್ಟೂ ಒಳ್ಳೆಯದು) 17 ಹೊಡೆತ ಕಡಿಮೆಯಲ್ಲಿ ಮುಗಿಸಿ, ನಾಲ್ಕು ಹೊಡೆತಗಳ ಅಂತರದಲ್ಲಿ ಗೆದ್ದರು.

ಯಾವಾಗ? ನಮ್ಮ ಗಡಿಯಾರದಲ್ಲಿ ಎಷ್ಟು ಹೊತ್ತಿಗೆ?

ಜುಲೈ 16, ಗುರುವಾರದಿಂದ 19, ಭಾನುವಾರದವರೆಗೆ. ದಿನಕ್ಕೆ 18 ಹೋಲ್, ನಾಲ್ಕು ದಿನಕ್ಕೆ 72. ಬೇಸಿಗೆಯಲ್ಲಿ ಇಂಗ್ಲೆಂಡಿನ ಗಡಿಯಾರ ನಮ್ಮದಕ್ಕಿಂತ ನಾಲ್ಕೂವರೆ ಗಂಟೆ ಹಿಂದೆ.

ಆಡುವವರು 156 ಮಂದಿ, ಮೊದಲೆರಡು ದಿನ ಮೂವರಂತೆ 52 ಗುಂಪು. ಬೇರೆ ಬಹಳಷ್ಟು ಟೂರ್ನಿಗಳಲ್ಲಿ ಅರ್ಧ ಮಂದಿ 1ನೇ ಹೋಲ್‌ನಿಂದ, ಇನ್ನರ್ಧ 10ನೇ ಹೋಲ್‌ನಿಂದ ಹೊರಡುತ್ತಾರೆ. ಓಪನ್‌ನಲ್ಲಿ ಎಲ್ಲರೂ 1ನೇ ಟೀಯಿಂದಲೇ (ಹೋಲ್‌ನ ಮೊದಲ ಹೊಡೆತ ಹೊಡೆಯುವ ಜಾಗ). ಹಾಗಾಗಿ ದಿನ ಬಹಳ ಉದ್ದ. ಮೊದಲ ಗುಂಪು ಸಾಮಾನ್ಯವಾಗಿ ಅಲ್ಲಿಯ ಬೆಳಿಗ್ಗೆ 6.35ಕ್ಕೆ ಹೊಡೆಯುತ್ತದೆ, ಅಂದರೆ ನಮಗೆ 11.05. ಕೊನೆಯ ಗುಂಪು ಹೊರಡುವುದು ಅಲ್ಲಿಯ ನಾಲ್ಕು ಗಂಟೆ ದಾಟಿದ ಮೇಲೆ. ಅವರು ಮುಗಿಸುವಾಗ ನಮಗೆ ರಾತ್ರಿ ಎರಡರ ಆಸುಪಾಸು. ಜುಲೈಯಲ್ಲಿ ಅಲ್ಲಿ ಸೂರ್ಯ ಮುಳುಗುವುದು ಒಂಬತ್ತೂವರೆಗೆ, ಅದಕ್ಕೇ ಈ ಲೆಕ್ಕ ಹೊಂದುತ್ತದೆ.

ಶನಿವಾರ, ಭಾನುವಾರ ಇಬ್ಬರಿಬ್ಬರಂತೆ, ಹಿಂದುಳಿದವರು ಮೊದಲು, ಮುಂದಿರುವವರು ಕೊನೆಗೆ. ಭಾನುವಾರದ ಕೊನೆಯ ಜೋಡಿ ನಮ್ಮ ಸಂಜೆ ಏಳರ ಸುಮಾರಿಗೆ ಹೊರಟರೆ ಹನ್ನೊಂದು, ಹನ್ನೊಂದೂವರೆಗೆ ಕಪ್ ಯಾರದ್ದೆಂದು ಗೊತ್ತಾಗುತ್ತದೆ. ರಾತ್ರಿಯಿಡೀ ಯಕ್ಷಗಾನಕ್ಕೆ ಕೂತು ಅಭ್ಯಾಸವಿದ್ದವರಿಗೆ ಅದೊಂದು ಹೊತ್ತೇ ಅಲ್ಲ. ಗಾಳಿಮಳೆಗೆ ಕರೆಂಟು ಹೋದರೆ ಓಪನ್‌ನ ಅಧಿಕೃತ ಆ್ಯಪ್‌ನಲ್ಲಿ ಹೋಲ್ ಹೋಲ್‌ನ ಸ್ಕೋರು ಸಿಗುತ್ತದೆ. ಮೊಬೈಲ್ ಚಾರ್ಜ್ ಮಾಡಿಟ್ಟುಕೊಂಡರೆ ಸಾಕು.

156 ಮಂದಿ ಅಂದರೆ ವಿಶ್ವ ರ‍್ಯಾಂಕಿಂಗ್‌ನ ಮೊದಲ 156 ಜನವಾ?

ಅಲ್ಲ. ಇದು ಅತಿ ಸಾಮಾನ್ಯವಾದ ತಪ್ಪು ತಿಳಿವಳಿಕೆ. ಪಟ್ಟಿಯನ್ನು ರ‍್ಯಾಂಕಿಂಗ್ ಅಂತ ಓದಬೇಡಿ, ಬಾಗಿಲುಗಳು ಅಂತ ಓದಿ. ಒಳಗೆ ಬರಲು ಬೇರೆ ಬೇರೆ ಬಾಗಿಲುಗಳಿವೆ, ಒಬ್ಬೊಬ್ಬ ಒಂದೊಂದರಿಂದ ಬರುತ್ತಾನೆ. ಒಬ್ಬ ಆಟಗಾರ ಯಾವುದರಿಂದ ಬಂದ ಎಂದು ಗೊತ್ತಾದರೆ ಅವನ ಈಗಿನ ಆಟ ಹೇಗಿದೆ ಎಂಬುದರ ಅರ್ಧ ಅಂದಾಜು ಸಿಕ್ಕಿತು.

ದೊಡ್ಡ ಬಾಗಿಲು ವಿಶ್ವ ರ‍್ಯಾಂಕಿಂಗ್‌ನ ಮೊದಲ 50. ಇದನ್ನು ಲೆಕ್ಕ ಹಾಕುವುದು ಟೂರ್ನಿಯ ವಾರದಲ್ಲಲ್ಲ, ಮೇ ತಿಂಗಳ ಒಂದು ನಿಗದಿತ ವಾರದಲ್ಲಿ. ಆ ವಾರ 51ನೆಯವನಾಗಿದ್ದು ಜುಲೈಯಲ್ಲಿ 40ಕ್ಕೆ ಏರಿದವನಿಗೆ ಈ ಬಾಗಿಲು ಮುಚ್ಚಿರುತ್ತದೆ. ಇನ್ನೊಂದು ಹಿಂದಿನ ವರ್ಷದ ಓಪನ್‌ನಲ್ಲಿ ಮೊದಲ ಹತ್ತು ಸ್ಥಾನ ಮತ್ತು ಅಲ್ಲಿ ಸಮಬಲದಲ್ಲಿ ಮುಗಿಸಿದವರದ್ದು. ಕಳೆದ ಐದು ವರ್ಷಗಳಲ್ಲಿ ಉಳಿದ ಮೂರು ಮೇಜರ್‌ಗಳಲ್ಲಿ ಒಂದನ್ನು ಗೆದ್ದವರೂ ಸೀದಾ ಒಳಗೆ. 2025ರ ಲೆಕ್ಕದಲ್ಲೇ ಮಾಸ್ಟರ್ಸ್‌ನ ರೋರಿ ಮೆಕಿಲ್‌ರಾಯ್, ಪಿಜಿಎಯ ಶೆಫ್ಲರ್, ಯು.ಎಸ್. ಓಪನ್‌ನ ಜೆ.ಜೆ. ಸ್ಪಾನ್ ಬಂದಾಯಿತು. ಅಮೆರಿಕದ ಪಿಜಿಎ ಟೂರ್, ಯುರೋಪಿನ ಡಿ.ಪಿ. ವರ್ಲ್ಡ್ ಟೂರ್‌ಗಳ ಹಿಂದಿನ ಸೀಸನ್ನಿನಲ್ಲಿ ಮುಂದಿದ್ದವರಿಗೆ ಪ್ರತ್ಯೇಕ ಬಾಗಿಲು. ಇವುಗಳಿಗೆ ಪೈಪೋಟಿಯಾಗಿ ಹುಟ್ಟಿದ ಲಿವ್ ಗಾಲ್ಫ್ ಲೀಗ್‌ನವರಿಗೂ 2025ರಿಂದ ಒಂದು ಕಿಂಡಿ ತೆರೆದಿದೆ.

ಓಪನ್ ಗೆದ್ದವರಿಗೆ 60 ವರ್ಷದವರೆಗೆ ಹಕ್ಕಿನ ಜಾಗವೆಂಬುದು ಹಳೆಯ ಪದ್ಧತಿ. 2008ರಲ್ಲಿ ಇದೇ ಬರ್ಕ್‌ಡೇಲ್‌ನಲ್ಲಿ ಗೆದ್ದ ಪಾಡ್ರಿಗ್ ಹ್ಯಾರಿಂಗ್ಟನ್‌ಗೆ ಈಗ 54, ಅವರಿಗೆ ಬಾಗಿಲು ತೆರೆದಿದೆ. 1998ರಲ್ಲಿ ಇಲ್ಲೇ ಗೆದ್ದ ಮಾರ್ಕ್ ಒ'ಮೀರಾಗೆ ವಯಸ್ಸು ದಾಟಿದೆ. ಹವ್ಯಾಸಿಗಳಿಗೂ ಬಾಗಿಲುಗಳಿವೆ: ಬ್ರಿಟನ್ನಿನ, ಅಮೆರಿಕದ, ಏಷ್ಯಾ ಪೆಸಿಫಿಕ್‌ನ ಅಮೆಚೂರ್ ಚಾಂಪಿಯನ್ನರು. ಷರತ್ತು ಒಂದೇ, ಓಪನ್ ಆಡುವವರೆಗೆ ಹವ್ಯಾಸಿಯಾಗಿಯೇ ಇರಬೇಕು. ನಡುವೆ ವೃತ್ತಿಪರನಾದರೆ ಜಾಗ ಹೋಯಿತು.

ಬಾಗಿಲುಗಳನ್ನೆಲ್ಲ ಕೂಡಿಸಿದರೆ 156 ದಾಟುತ್ತದಲ್ಲ?

ಕಾಗದದ ಮೇಲೆ ದಾಟುತ್ತದೆ. ಆದರೆ ಶೆಫ್ಲರ್ ಒಬ್ಬರೇ ನಾಲ್ಕೈದು ಬಾಗಿಲುಗಳಲ್ಲಿ ಹಾಯಬಲ್ಲವರು, ಎಣಿಸುವಾಗ ಒಬ್ಬರೇ. ಹೀಗೆ ಒಬ್ಬನೇ ಹಲವು ಕಡೆ ಬರುವುದರಿಂದ ಕೊನೆಗೆ ಜಾಗ ಉಳಿಯುತ್ತದೆ. ಉಳಿದದ್ದನ್ನು ಕಾಯ್ದಿರಿಸಿದ ಪಟ್ಟಿಯಿಂದ, ವಿಶ್ವ ರ‍್ಯಾಂಕಿಂಗ್ ಕ್ರಮದಲ್ಲಿ ತುಂಬುತ್ತಾರೆ. ಯಾರಿಗಾದರೂ ಬೆನ್ನುನೋವು ಬಂದು ಹಿಂದೆ ಸರಿದರೆ ಮುಂದಿನ ಹೆಸರು. ಈ ಪಟ್ಟಿಯವರು ಗುರುವಾರ ಬೆಳಿಗ್ಗೆಯೂ ಕಿಟ್ ಹೊತ್ತು ಕೋರ್ಸಿನಲ್ಲೇ ಕಾಯುವುದುಂಟು. ಆದರೆ ಒಬ್ಬ ಮೊದಲ ಹೊಡೆತ ಹೊಡೆದು ಆಮೇಲೆ ಬಿಟ್ಟು ಹೋದರೆ ಬದಲಿ ಇಲ್ಲ.

ಹಾಗಾದರೆ "ಓಪನ್" ಅನ್ನುವುದು ಯಾಕೆ? ಅರ್ಹತಾ ಸುತ್ತು ಹೇಗೆ?

ಹೆಸರಿಗೆ ಅರ್ಥ ಬರುವುದೇ ಇಲ್ಲಿ. ಮೇಲಿನ ಯಾವ ಬಾಗಿಲೂ ಇಲ್ಲದವನಿಗೆ ಮುಖ್ಯವಾಗಿ ಎರಡು ದಾರಿ.

ಒಂದು, ಓಪನ್ ಕ್ವಾಲಿಫೈಯಿಂಗ್ ಸೀರೀಸ್. ಬೇರೆ ಬೇರೆ ಖಂಡಗಳಲ್ಲಿ ಈಗಾಗಲೇ ನಡೆಯುವ ಕೆಲವು ಟೂರ್ನಿಗಳಿಗೆ ಓಪನ್‌ನ ಒಂದೆರಡು ಅಥವಾ ಮೂರು ಜಾಗ ಅಂಟಿಸಿರುತ್ತಾರೆ. ಅಲ್ಲಿ ಮುಂದಿರುವವರಲ್ಲಿ ಯಾರಿಗೆ ಮೊದಲೇ ಜಾಗ ಇಲ್ಲವೋ ಅವರಿಗೆ ಸಿಗುತ್ತದೆ. ಹೀಗಾಗಿ ಐದನೇ ಸ್ಥಾನದಲ್ಲಿ ಮುಗಿಸಿಯೂ ಟಿಕೆಟ್ ಹಿಡಿದು ಕುಣಿಯುವವನು ಕಾಣಿಸಿದರೆ ಆಶ್ಚರ್ಯ ಬೇಡ.

ಎರಡು, ಬ್ರಿಟನ್ ಮತ್ತು ಐರ್ಲೆಂಡಿನ ನೇರ ಅರ್ಹತಾ ಸುತ್ತು. ಮೊದಲ ಹಂತ ಪ್ರಾದೇಶಿಕ: ಜೂನ್ ಕೊನೆಗೆ, ಹಲವು ಕೋರ್ಸುಗಳಲ್ಲಿ, 18 ಹೋಲ್. ವೃತ್ತಿಪರರು ಬರಬಹುದು, ಹವ್ಯಾಸಿಗಳ ಹ್ಯಾಂಡಿಕ್ಯಾಪ್ (ಆಟದ ಮಟ್ಟ ಹೇಳುವ ಅಂಕಿ, ಕಡಿಮೆಯಾದಷ್ಟೂ ಉತ್ತಮ) 0.4 ಅಥವಾ ಅದಕ್ಕಿಂತ ಉತ್ತಮ ಇರಬೇಕು. ಅಲ್ಲಿಂದ ಕೊನೆಯ ಹಂತಕ್ಕೆ. 2025ರಲ್ಲಿ ಅದು ಬರ್ನ್‌ಹ್ಯಾಮ್ ಆ್ಯಂಡ್ ಬೆರೊ, ಡಂಡೋನಾಲ್ಡ್, ರಾಯಲ್ ಸಿಂಕ್ ಪೋರ್ಟ್ಸ್, ವೆಸ್ಟ್ ಲ್ಯಾಂಕಾಶೈರ್ ಎಂಬ ನಾಲ್ಕು ಕಡೆ ಒಂದೇ ದಿನ ನಡೆಯಿತು. ಒಂದೊಂದು ಕಡೆ 72 ಮಂದಿ, ಸಿಗುವ ಜಾಗ ನಾಲ್ಕೈದು.

ಈ ಕೊನೆಯ ದಿನದ ಕಷ್ಟ ಟಿ.ವಿ.ಯಲ್ಲಿ ಕಾಣುವುದಿಲ್ಲ. 36 ಹೋಲ್, ಒಂದೇ ದಿನ, ಕಾಲ್ನಡಿಗೆಯಲ್ಲಿ. ಕೋರ್ಸಿನ ಅಳತೆಯೇ ಎರಡು ಸುತ್ತಿಗೆ 12–13 ಕಿ.ಮೀ.; ಅಡ್ಡಾದಿಡ್ಡಿ ನಡೆದದ್ದು ಸೇರಿದರೆ ಇನ್ನೂ ಹೆಚ್ಚು. ಬೆಳಗಿನ ಸುತ್ತಿನಲ್ಲಿ 66 ಹೊಡೆದವನು ಮಧ್ಯಾಹ್ನ ಕಾಲು ಸೋತು 74 ಹೊಡೆಯುವುದು ಮಾಮೂಲಿ. ಹಾಗಾಗಿ ಬೆಳಗಿನ ಪಟ್ಟಿ ನೋಡಿ ಯಾರೂ ಬಾಜಿ ಕಟ್ಟುವುದಿಲ್ಲ. ಸಮಬಲವಾದರೆ ಅವತ್ತೇ ಸಂಜೆ ಪ್ಲೇಆಫ್, ಅಂದರೆ ಅವರ ನಡುವೆ ಹೆಚ್ಚುವರಿ ಹೋಲ್‌ಗಳ ಆಟ. ಬೆಳಕಿರುವವರೆಗೆ ಆಡಿ, ಒಂದು ಪಟ್‌ನಲ್ಲಿ (ಚೆಂಡನ್ನು ಗುಳಿಗೆ ಉರುಳಿಸುವ ಹೊಡೆತ) ಓಪನ್ ಸಿಕ್ಕಿತೋ ಇಲ್ಲವೋ ತೀರ್ಮಾನವಾಗುತ್ತದೆ. ನಮ್ಮ ಅಭಿಪ್ರಾಯ ಕೇಳಿದರೆ, ಟೂರ್ನಿಯ ಗುರುವಾರಕ್ಕಿಂತ ಈ ದಿನದ ಸ್ಕೋರು ಹಿಂಬಾಲಿಸುವುದರಲ್ಲೇ ರುಚಿ ಹೆಚ್ಚು.

ಯಾರು ಬೇಕಾದರೂ ಫಾರಂ ತುಂಬಿ ನುಗ್ಗಬಹುದಾ?

ಇಬ್ಬರು ನುಗ್ಗಿದ್ದಾರೆ, ಎರಡೂ ಬರ್ಕ್‌ಡೇಲ್‌ನ ಓಪನ್‌ಗಳಿಗೇ. 1965ರಲ್ಲಿ ಅಮೆರಿಕದ ಅಂಚೆ ನೌಕರ ವಾಲ್ಟರ್ ಡನೆಕಿ ತಾನು ವೃತ್ತಿಪರ ಎಂದು ಬರೆದುಕೊಟ್ಟು, ಪಕ್ಕದ ಹಿಲ್‌ಸೈಡ್ ಕೋರ್ಸಿನ ಅರ್ಹತಾ ಸುತ್ತಿನಲ್ಲಿ 108 ಮತ್ತು 113 ಹೊಡೆದ. 1976ರಲ್ಲಿ ಕ್ರೇನ್ ಚಾಲಕ ಮಾರಿಸ್ ಫ್ಲಿಟ್‌ಕ್ರಾಫ್ಟ್ ಹತ್ತಿರದ ಫಾರ್ಂಬಿಯಲ್ಲಿ 121 ಹೊಡೆದ, ಪಾರ್‌ಗಿಂತ 49 ಹೆಚ್ಚು. ಹವ್ಯಾಸಿ ಎಂದು ಬರೆದರೆ ಹ್ಯಾಂಡಿಕ್ಯಾಪ್ ಪ್ರಮಾಣಪತ್ರ ಕೇಳುತ್ತಾರೆ, ವೃತ್ತಿಪರ ಎಂದರೆ ಕೇಳುತ್ತಿರಲಿಲ್ಲ. ತೂತು ಇದ್ದದ್ದು ಅಲ್ಲಿ. ಆಮೇಲೆ ಅದನ್ನು ಮುಚ್ಚಿದರು.

ನಮ್ಮವರು ಯಾರಾದರೂ ಚೆನ್ನಾಗಿ ಆಡಿದ್ದಾರಾ?

ಶುಭಂಕರ್ ಶರ್ಮಾ 2023ರಲ್ಲಿ ರಾಯಲ್ ಲಿವರ್‌ಪೂಲ್‌ನಲ್ಲಿ ಜಂಟಿ ಎಂಟನೇ ಸ್ಥಾನ ಪಡೆದರು. ಓಪನ್‌ನಲ್ಲಿ ಭಾರತೀಯನೊಬ್ಬನ ಅತ್ಯುತ್ತಮ ಸಾಧನೆ ಅದು. ಅದಕ್ಕೆ ಮೊದಲು 2004ರಲ್ಲಿ ಜ್ಯೋತಿ ರಾಂಧವಾ ಜಂಟಿ 27. ಬಾಗಿಲಿನ ಲೆಕ್ಕ ಇಲ್ಲೂ ಚೆನ್ನಾಗಿ ಕಾಣುತ್ತದೆ: ಶರ್ಮಾ 2018ರ ಓಪನ್‌ಗೆ ಬಂದದ್ದು 2017ರ ಡಿಸೆಂಬರ್‌ನಲ್ಲಿ ಜೋಬರ್ಗ್ ಓಪನ್ ಗೆದ್ದು, ಕ್ವಾಲಿಫೈಯಿಂಗ್ ಸೀರೀಸ್ ಮೂಲಕ, 2024ಕ್ಕೆ ಬಂದದ್ದು ಹಿಂದಿನ ವರ್ಷದ ಮೊದಲ ಹತ್ತರ ಬಾಗಿಲಿನಿಂದ. ಅನಿರ್ಬನ್ ಲಾಹಿರಿ 2012ರಲ್ಲಿ ಏಷ್ಯಾದ ಅರ್ಹತಾ ಸುತ್ತು ದಾಟಿ ರಾಯಲ್ ಲಿಥಮ್‌ಗೆ ಬಂದು, ಮೂರನೇ ದಿನ 9ನೇ ಹೋಲ್‌ನಲ್ಲಿ ಒಂದೇ ಹೊಡೆತಕ್ಕೆ ಚೆಂಡನ್ನು ಗುಳಿಗೆ ಹಾಕಿದರು. 2015ರ ಪಿಜಿಎಯಲ್ಲಿ ಅವರದು ಜಂಟಿ ಐದನೇ ಸ್ಥಾನ.

ಮಂಗಳೂರಿನ ಹುಡುಗನಿಗೆ ದಾರಿ ಇದೆಯಾ?

ದಾರಿ ಇದೆ, ಉದ್ದ ಇದೆ. ಮೊದಲು ಕ್ಲಬ್ ಮೂಲಕ ಹ್ಯಾಂಡಿಕ್ಯಾಪ್ ಮಾಡಿಸಬೇಕು: ಕನಿಷ್ಠ 54 ಹೋಲ್‌ಗಳ ಸ್ಕೋರು ಒಪ್ಪಿಸಿದರೆ ಸೂಚ್ಯಂಕ ಬರುತ್ತದೆ, ಆಮೇಲೆ ಕೊನೆಯ 20 ಸುತ್ತುಗಳಲ್ಲಿ ಉತ್ತಮವಾದ ಎಂಟರ ಸರಾಸರಿಯ ಮೇಲೆ ಏರಿಳಿಯುತ್ತದೆ. ಪಿಲಿಕುಳದಲ್ಲಿ ಕಲಿಯಬಹುದು. ಆದರೆ ಪೈಪೋಟಿಗೆ ಬೆಂಗಳೂರು, ಮೈಸೂರಿನ ಕೋರ್ಸುಗಳಿಗೆ ಹೋಗಲೇಬೇಕು, ಮಳೆಗಾಲದ ನಾಲ್ಕು ತಿಂಗಳಂತೂ ಇಲ್ಲಿ ಲೆಕ್ಕಕ್ಕಿಲ್ಲ. ಇಂಡಿಯನ್ ಗಾಲ್ಫ್ ಯೂನಿಯನ್‌ನ ಹವ್ಯಾಸಿ ಟೂರ್ನಿಗಳು, ಅಲ್ಲಿಂದ ಪಿಜಿಟಿಐ (ಭಾರತದ ವೃತ್ತಿಪರ ಟೂರ್) ಪ್ರವೇಶದ ಕ್ವಾಲಿಫೈಯಿಂಗ್ ಸ್ಕೂಲ್, ಅಲ್ಲಿಂದ ಏಷ್ಯನ್ ಟೂರ್, ಅಲ್ಲಿ ಓಪನ್ ಜಾಗ ಇರುವ ಟೂರ್ನಿ. ಹುಡುಗಿಯರಿಗೆ ಪ್ರತ್ಯೇಕ ಮೇಜರ್‌ಗಳಿವೆ. ಬೆಂಗಳೂರಿನ ಅದಿತಿ ಅಶೋಕ್ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯವರಾದದ್ದು ನೆನಪಿರಬಹುದು.

ಬರ್ಕ್‌ಡೇಲ್ ಎಂಥ ಜಾಗ? ಲಿಂಕ್ಸ್ ಅಂದರೆ ಏನು?

ಲಿಂಕ್ಸ್ ಅಂದರೆ ಕಡಲಿಗೂ ಬೇಸಾಯದ ಭೂಮಿಗೂ ನಡುವಿನ ಮರಳುನೆಲ. ತಣ್ಣೀರುಬಾವಿ, ಸಸಿಹಿತ್ಲು ಕಡೆಯ ಮರಳ ದಿಬ್ಬಗಳನ್ನು ಮನಸ್ಸಿಗೆ ತಂದುಕೊಳ್ಳಿ. ಗಾಳಿಮರಗಳನ್ನು ಕಿತ್ತು, ದಿಬ್ಬಗಳನ್ನು ಮೂರು ಆಳು ಎತ್ತರಕ್ಕೆ ಬೆಳೆಸಿ, ಮೇಲೆ ಒರಟು ಹುಲ್ಲು ಹಬ್ಬಿಸಿದರೆ ಹತ್ತಿರ ಬಂದ ಹಾಗೆ. ನಮ್ಮ ಪದವಿನ ಮುರಕಲ್ಲು ನೆಲಕ್ಕೂ ಇದಕ್ಕೂ ಸಂಬಂಧವಿಲ್ಲ. ಮರಳು ನೀರನ್ನು ಕೂಡಲೇ ಕುಡಿಯುವುದರಿಂದ ನೆಲ ಗಟ್ಟಿ, ಬಿದ್ದ ಚೆಂಡು ನಿಲ್ಲದೆ ಓಡುತ್ತದೆ.

ಸೌತ್‌ಪೋರ್ಟ್ ಊರಿನಲ್ಲಿರುವ ಬರ್ಕ್‌ಡೇಲ್‌ನ ವಿಶೇಷ ಏನೆಂದರೆ, ಫೇರ್‌ವೇಗಳು (ಹುಲ್ಲು ಕತ್ತರಿಸಿದ ಆಟದ ಹಾದಿ) ದಿಬ್ಬಗಳ ಮೇಲಲ್ಲ, ನಡುವಿನ ಕಣಿವೆಗಳಲ್ಲಿ ಹಾಸಿಕೊಂಡಿವೆ. ನೇರ ಹೊಡೆದ ಚೆಂಡು ಗುಪ್ಪೆಗೆ ತಾಗಿ ಎಲ್ಲೆಲ್ಲಿಗೋ ಸಿಡಿಯುವ ಅನ್ಯಾಯ ಇಲ್ಲಿ ಕಡಿಮೆ. ಆಟಗಾರರು ಇದನ್ನು ನ್ಯಾಯದ ಕೋರ್ಸ್ ಎನ್ನುವುದು ಅದಕ್ಕೆ. ಓರೆ ಹೋದರೆ ಮಾತ್ರ ದಿಬ್ಬದ ಹುಲ್ಲು ಮೊಣಕಾಲಿಗೆ ಬರುತ್ತದೆ. ಬಂಕರ್‌ಗಳು ಆಳದ ಮರಳು ಗುಂಡಿಗಳು. ಗೋಡೆ ಕಡಿದಾಗಿರುವುದರಿಂದ ಎಷ್ಟೋ ಸಲ ಮುಂದಕ್ಕೆ ಹೊಡೆಯುವ ಆಸೆ ಬಿಟ್ಟು ಪಕ್ಕಕ್ಕೋ ಹಿಂದಕ್ಕೋ ತೆಗೆಯಬೇಕು.

ಇಲ್ಲಿ ಓಪನ್ ಮೊದಲು ನಡೆದದ್ದು 1954ರಲ್ಲಿ. ಇದು 11ನೇ ಸಲ. 2017ರಲ್ಲಿ ಉದ್ದ 7,156 ಗಜ, ಸುಮಾರು ಆರೂವರೆ ಕಿ.ಮೀ., ಪಾರ್ 70. ಆಗಿನಿಂದ ಕೆಲವು ಹೋಲ್‌ಗಳನ್ನು ಬದಲಿಸಿದ್ದಾರೆ, ಹಳೆಯ ವೀಡಿಯೊದ ಹೋಲ್ ಸಂಖ್ಯೆ ಹಿಡಿದು ಈ ವರ್ಷದ್ದಕ್ಕೆ ಹೋಲಿಸಬೇಡಿ.

ಗಾಳಿ ಗಾಳಿ ಅಂತ ಯಾಕೆ ಅಷ್ಟು ಮಾತು?

ಎರಡು ಅಂಕಿ ಸಾಕು. 2008ರಲ್ಲಿ ಇಲ್ಲಿ ಗೆದ್ದ ಹ್ಯಾರಿಂಗ್ಟನ್‌ರ ಮೊತ್ತ 283, ಪಾರ್‌ಗಿಂತ 3 ಹೆಚ್ಚು. 2017ರಲ್ಲಿ ಗೆದ್ದ ಜೋರ್ಡನ್ ಸ್ಪೀತ್‌ರದ್ದು 268, ಪಾರ್‌ಗಿಂತ 12 ಕಡಿಮೆ. ಅದೇ ಕೋರ್ಸು, ಅದೇ ಪಾರ್, 15 ಹೊಡೆತಗಳ ವ್ಯತ್ಯಾಸ. 2008ರ ಗಾಳಿಯಲ್ಲಿ ಮೂರು ದಿನದ ಕೊನೆಗೆ ಮುಂದಿದ್ದದ್ದು 53 ವರ್ಷದ ಗ್ರೆಗ್ ನಾರ್ಮನ್. ಶಾಂತವಾಗಿದ್ದ 2017ರ ಶನಿವಾರ ಬ್ರಾಂಡನ್ ಗ್ರೇಸ್ 62 ಹೊಡೆದರು. ಗಂಡಸರ ಮೇಜರ್‌ಗಳಲ್ಲಿ ಅದು ಮೊದಲ 62.

ಸ್ಥೂಲ ಲೆಕ್ಕ ಹೀಗೆ: ಎದುರು ಗಾಳಿ ಗಂಟೆಗೆ ಒಂದು ಮೈಲು ಏರಿದರೆ ದೂರ ಶೇ 1ರಷ್ಟು ಕಡಿಮೆ, ಹಿಂದಿನಿಂದ ಬೀಸಿದರೆ ಶೇ ಅರ್ಧ ಮಾತ್ರ ಲಾಭ. 150 ಗಜದ ಹೊಡೆತಕ್ಕೆ 20 ಮೈಲಿನ ಎದುರು ಗಾಳಿಯಿದ್ದರೆ 180 ಗಜದ್ದೆಂದು ಎಣಿಸಿ ಹೊಡೆಯಬೇಕು. ಹಿಂದಿನ ಗಾಳಿಯಲ್ಲಿ 135. ಅಂದರೆ ಗಾಳಿ ಕಸಿದುಕೊಂಡಷ್ಟನ್ನು ವಾಪಸು ಕೊಡುವುದಿಲ್ಲ. ಜೋರಾಗಿ ಹೊಡೆದರೆ ಚೆಂಡಿನ ಹಿಮ್ಮುಖ ತಿರುಗಾಟ ಹೆಚ್ಚಿ ಗಾಳಿಪಟದ ಹಾಗೆ ಮೇಲೇರಿ ಅಲ್ಲೇ ಬೀಳುತ್ತದೆ; ಪಣಂಬೂರಿನಲ್ಲಿ ಗಾಳಿಪಟ ಹಾರಿಸಿದವರಿಗೆ ಇದನ್ನು ವಿವರಿಸಬೇಕಿಲ್ಲ. ಬಲ್ಲವರು ಹೆಚ್ಚು ದೂರ ಹೊಡೆಯುವ ಕ್ಲಬ್ (ಗಾಲ್ಫ್ ಕೋಲು) ತೆಗೆದುಕೊಂಡು, ಹಿಡಿ ಕೆಳಗೆ ಹಿಡಿದು, ಮೆಲ್ಲನೆ, ತಗ್ಗಾಗಿ ಹೊಡೆಯುತ್ತಾರೆ.

ಗಾಳಿಯ ಜೊತೆ ಡ್ರಾ, ಅಂದರೆ ಯಾರು ಯಾವ ಹೊತ್ತಿಗೆ ಆಡುತ್ತಾರೆಂಬ ಪಟ್ಟಿ, ನೋಡಬೇಕು. ಗುರುವಾರ ಬೆಳಿಗ್ಗೆ ಆಡಿದವರು ಶುಕ್ರವಾರ ಮಧ್ಯಾಹ್ನ ಆಡುತ್ತಾರೆ, ಉಳಿದರ್ಧ ತಿರುವುಮುರುವು. ಗುರುವಾರ ಮಧ್ಯಾಹ್ನ ಗಾಳಿ ಎದ್ದು ಶುಕ್ರವಾರ ಬೆಳಿಗ್ಗೆಯೂ ಇಳಿಯದಿದ್ದರೆ ಅರ್ಧ ಪಟ್ಟಿ ಎರಡೂ ದಿನ ಪೆಟ್ಟು ತಿಂದ ಹಾಗೆ. ಟೀ ಟೈಮ್ (ಗುಂಪು ಹೊರಡುವ ಹೊತ್ತು) ಪ್ರಕಟವಾದ ಕೂಡಲೇ ಸೌತ್‌ಪೋರ್ಟ್‌ನ ಗಂಟೆಗಂಟೆಯ ಗಾಳಿ ಮುನ್ಸೂಚನೆಯನ್ನು ಪಕ್ಕದಲ್ಲಿಟ್ಟು ನೋಡಿ. ಮಳೆಗೆ ಆಟ ನಿಲ್ಲುವುದು ಅಪರೂಪ. ಗ್ರೀನ್ (ಗುಳಿಯ ಸುತ್ತಲಿನ ನುಣುಪು ಹುಲ್ಲು) ಮೇಲೆ ಇಟ್ಟ ಚೆಂಡು ಗಾಳಿಗೆ ತಾನಾಗಿ ಉರುಳಿದರೆ ನಿಲ್ಲುತ್ತದೆ. 2015ರಲ್ಲಿ ಸೇಂಟ್ ಆಂಡ್ರ್ಯೂಸ್‌ನಲ್ಲಿ ಹಾಗಾಗಿ ಆಟ ಸೋಮವಾರಕ್ಕೆ ಹೋಯಿತು.

ಕಟ್ ಅಂದರೆ? ಸಮಬಲವಾದರೆ?

ಶುಕ್ರವಾರದ ಕೊನೆಗೆ ಮೊದಲ 70 ಮತ್ತು 70ನೇ ಸ್ಥಾನದಲ್ಲಿ ಸಮ ಇರುವವರೆಲ್ಲ ಉಳಿಯುತ್ತಾರೆ, ಉಳಿದವರು ಮನೆಗೆ. ಭಾನುವಾರ ಸಮಬಲವಾದರೆ ಮೂರು ಹೋಲ್‌ಗಳ ಒಟ್ಟು ಸ್ಕೋರು, ಅದೂ ಸಮವಾದರೆ ಒಂದೊಂದೇ ಹೋಲ್. 2019ರಲ್ಲಿ ಬಂದ ಈ ಮೂರು ಹೋಲ್ ನಿಯಮ 2025ರವರೆಗೆ ಬಳಕೆಗೇ ಬಂದಿಲ್ಲ; ಕೊನೆಯ ಪ್ಲೇಆಫ್ 2015ರದ್ದು, ಆಗ ನಾಲ್ಕು ಹೋಲ್ ಇತ್ತು.

2017ರಲ್ಲಿ ಸ್ಪೀತ್ ಲಾರಿಗಳ ನಡುವಿನಿಂದ ಹೊಡೆದದ್ದು ಹೇಗೆ ನಿಯಮಬದ್ಧ?

ಕೊನೆಯ ದಿನ 13ನೇ ಹೋಲ್‌ನಲ್ಲಿ ಡ್ರೈವ್ (ಟೀಯಿಂದ ಹೊಡೆದ ಮೊದಲ ಹೊಡೆತ) ಬಲಕ್ಕೆ ಬಹಳ ದೂರ ಹೋಗಿ ದಿಬ್ಬದ ಇಳಿಜಾರಿನ ಹುಲ್ಲಿಗೆ ಬಿತ್ತು. ಹೊಡೆಯಲಾಗದ ಚೆಂಡಿಗೆ ಒಂದು ಹೊಡೆತದ ದಂಡ ಕೊಟ್ಟು ಮೂರರಲ್ಲಿ ಒಂದು ಮಾಡಬಹುದು: ಮೊದಲು ಹೊಡೆದ ಜಾಗಕ್ಕೆ ಹಿಂತಿರುಗುವುದು, ಚೆಂಡಿನಿಂದ ಎರಡು ಕ್ಲಬ್ ಉದ್ದದೊಳಗೆ ಇಡುವುದು, ಅಥವಾ ಗುಳಿ ಮತ್ತು ಚೆಂಡನ್ನು ಸೇರಿಸುವ ಗೆರೆಯಲ್ಲಿ ಎಷ್ಟು ಬೇಕಾದರೂ ಹಿಂದಕ್ಕೆ ಹೋಗುವುದು. ಎರಡು ಕ್ಲಬ್ ಉದ್ದದಲ್ಲೂ ಅದೇ ಹುಲ್ಲು. ಸ್ಪೀತ್ ಗೆರೆ ಹಿಡಿದು ಹಿಂದೆ ಹಿಂದೆ ಹೋದಾಗ ಅಭ್ಯಾಸದ ಮೈದಾನ ಸಿಕ್ಕಿತು. ಅದು ಕೋರ್ಸಿನ ಗಡಿಯೊಳಗೇ ಇತ್ತು, ಹುಲ್ಲು ಕತ್ತರಿಸಿದ ನೆಲ. ಅಡ್ಡ ನಿಂತ ಸಲಕರಣೆ ಲಾರಿಗಳಿಂದ ದಂಡವಿಲ್ಲದ ವಿನಾಯಿತಿ. ಸುಮಾರು 20 ನಿಮಿಷದ ನಂತರ, ಗುಳಿ ಕಾಣದ ಜಾಗದಿಂದ ದಿಬ್ಬದ ಮೇಲಿಂದ ಹೊಡೆದು ಐದಕ್ಕೆ ಮುಗಿಸಿದರು. ಕಳೆದದ್ದು ಒಂದೇ ಹೊಡೆತ. ಮುಂದಿನ ನಾಲ್ಕು ಹೋಲ್‌ಗಳಲ್ಲಿ ಬರ್ಡಿ, ಈಗಲ್, ಬರ್ಡಿ, ಬರ್ಡಿ (ಹೋಲ್‌ನ ಪಾರ್‌ಗಿಂತ ಒಂದು ಕಡಿಮೆಯಾದರೆ ಬರ್ಡಿ, ಎರಡಾದರೆ ಈಗಲ್).

ಚೆನ್ನಾಗಿ ಆಡಿಯೂ ಹೊರಬೀಳುವುದು ಹೇಗೆ?

ಸಣ್ಣ ಸಣ್ಣದಕ್ಕೆ. ಟೀ ಟೈಮ್‌ಗೆ ಐದು ನಿಮಿಷದೊಳಗೆ ತಡವಾದರೆ ಎರಡು ಹೊಡೆತ ದಂಡ, ದಾಟಿದರೆ ಅನರ್ಹ. ಚೀಲದಲ್ಲಿ 14 ಕ್ಲಬ್ ಮಾತ್ರ. 2001ರಲ್ಲಿ ಇಯಾನ್ ವೂಸ್ನಮ್ ಕೊನೆಯ ದಿನ ಮೊದಲ ಹೋಲ್‌ನಲ್ಲಿ ಬರ್ಡಿ ಹೊಡೆದು ಬಂದು ಎರಡನೇ ಟೀಯಲ್ಲಿ ನೋಡಿದರೆ ಚೀಲದಲ್ಲಿ 15, ಎರಡು ಡ್ರೈವರ್ (ಅತಿ ದೂರ ಹೊಡೆಯುವ ಕ್ಲಬ್). ಎರಡು ಹೊಡೆತ ಹೋಯಿತು, ಜಂಟಿ ಮೂರನೆಯವರಾದರು. ಸ್ಕೋರ್ ಕಾರ್ಡನ್ನು ಜೊತೆಯ ಆಟಗಾರ ಬರೆಯುವುದರಿಂದ ಶುರುವಿನಲ್ಲಿ ಕಾರ್ಡ್ ಬದಲಿಸಿಕೊಳ್ಳಬೇಕು. 2003ರಲ್ಲಿ ಮಾರ್ಕ್ ರೋ ಮತ್ತು ಜೆಸ್ಪರ್ ಪಾರ್ನೆವಿಕ್ ಅದನ್ನು ಮರೆತು ಇಬ್ಬರೂ ಅನರ್ಹರಾದರು. ರೋ ಅವತ್ತು 67 ಹೊಡೆದು ಗೆಲ್ಲುವ ಸಾಲಿನಲ್ಲಿದ್ದರು.

ಆಫೀಸಿನಲ್ಲಿ ಹೆಸರು ಬರೆದುಕೊಡಬೇಕು. ಯಾರನ್ನು ಆರಿಸಲಿ?

ಹೆಸರು ಹೇಳುವುದಿಲ್ಲ, ಕ್ರಮ ಹೇಳುತ್ತೇವೆ. ಮೊದಲು ಬಾಗಿಲು ನೋಡಿ: ನಾಲ್ಕು ವರ್ಷದ ಹಿಂದಿನ ಮೇಜರ್ ಗೆಲುವೊಂದರ ಮೇಲೇ ಬಂದವರನ್ನು ಹೆಸರಿನ ತೂಕಕ್ಕೆ ಆರಿಸಬೇಡಿ. ಆಮೇಲೆ ಹಿಂದಿನ ಮೂರ್ನಾಲ್ಕು ಓಪನ್‌ಗಳಲ್ಲಿ ಕಟ್ ದಾಟಿದ್ದಾರಾ ನೋಡಿ. ಅಮೆರಿಕದ ಮೆತ್ತಗಿನ ಗ್ರೀನ್‌ಗಳಿಗೆ ಎತ್ತರದಿಂದ ಇಳಿಸುವ ಆಟ ಮಾತ್ರ ಗೊತ್ತಿದ್ದವರು ಇಲ್ಲಿ ಒದ್ದಾಡುತ್ತಾರೆ. ಕೊನೆಗೆ ಡ್ರಾ ಮತ್ತು ಗಾಳಿ. ಹೆಸರು ಕೊಡಲು ಬುಧವಾರ ರಾತ್ರಿಯವರೆಗೆ ಕಾಯಿರಿ. ಎಳೆಯರನ್ನು ಪೂರ್ತಿ ಬಿಡಬೇಡಿ: 1976ರಲ್ಲಿ ಇಲ್ಲಿ 19ರ ಸೆವ್ ಬಲೆಸ್ಟೆರೊಸ್ ಜಂಟಿ ಎರಡನೆಯವರಾದರು, 1998ರಲ್ಲಿ 17ರ ಹವ್ಯಾಸಿ ಜಸ್ಟಿನ್ ರೋಸ್ ಜಂಟಿ ನಾಲ್ಕನೆಯವರು. ರೋಸ್ ಕೂಡಲೇ ವೃತ್ತಿಪರರಾಗಿ ಸತತ 21 ಟೂರ್ನಿಗಳಲ್ಲಿ ಕಟ್ ದಾಟಲಿಲ್ಲ ಎಂಬುದೂ ಇದೆ.

ಹೋಗಿ ನೋಡಬಹುದಾ?

ಟಿಕೆಟ್ ಹೆಚ್ಚಾಗಿ ಮೊದಲೇ ಲಾಟರಿ ಪದ್ಧತಿಯಲ್ಲಿ ಹಂಚಿಹೋಗುತ್ತದೆ, ಆದ್ದರಿಂದ ಟಿಕೆಟ್ ಕೈಗೆ ಬಂದ ಮೇಲೆಯೇ ವೀಸಾ, ವಿಮಾನದ ಮಾತು. ಮಂಗಳೂರಿನಿಂದ ನೇರ ವಿಮಾನವಿಲ್ಲ. ಮುಂಬೈ ಅಥವಾ ಬೆಂಗಳೂರಿಗೆ ಹೋಗಿ ಮ್ಯಾಂಚೆಸ್ಟರ್ ಹಿಡಿಯಿರಿ. ಅಲ್ಲಿಂದ ಲಿವರ್‌ಪೂಲ್‌ಗೆ ಬಂದು ಸೌತ್‌ಪೋರ್ಟ್ ಕಡೆಯ ಲೋಕಲ್ ರೈಲು ಹತ್ತಿದರೆ ಹಿಲ್‌ಸೈಡ್ ಸ್ಟೇಷನ್ ಕೋರ್ಸಿನ ಬಗಲಲ್ಲೇ ಇದೆ. ನಮ್ಮ ದೊಡ್ಡ ಕೊಡೆ ಅಲ್ಲಿಯ ಗಾಳಿಗೆ ತಲೆಕೆಳಗಾಗುತ್ತದೆ, ಟೋಪಿ ಇರುವ ರೈನ್‌ಕೋಟ್ ಒಯ್ಯಿರಿ. ಆಟಗಾರರ ಹಿಂದೆ ಓಡುವುದಕ್ಕಿಂತ ಒಂದು ದಿಬ್ಬ ಹತ್ತಿ ಕೂತರೆ ಎರಡು ಮೂರು ಹೋಲ್ ಒಟ್ಟಿಗೆ ಕಾಣುತ್ತವೆ. ಬೆಳಿಗ್ಗೆ ಒಂಬತ್ತರೊಳಗೆ ಹತ್ತದಿದ್ದರೆ ಜಾಗ ಸಿಗುವುದಿಲ್ಲ.